ವೈನ್ ಸೀಸೆಗೆ ಯಾವ ಬಿರಡೆ? ಕಾರ್ಕ್, ಗಾಜು, ತಿರುಪು ಮುಚ್ಚಳ ಮತ್ತು ನಡುವಿನ ದಾರಿಗಳು

ವೈನ್ ಸೀಸೆಯ ಕತ್ತಿನ ಒಳವ್ಯಾಸ ಸಾಮಾನ್ಯವಾಗಿ 18.5 ಮಿಲಿಮೀಟರ್‌ನಷ್ಟಿರುತ್ತದೆ. ಇಷ್ಟು ಸಣ್ಣ ಬಾಯಿಯನ್ನು ಯಾವುದರಿಂದ ಮುಚ್ಚಬೇಕು ಎಂಬ ಪ್ರಶ್ನೆಗೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಾರ್ಕ್ ಮರದ ತೊಗಟೆಯೇ ಉತ್ತರವಾಗಿತ್ತು. ಈಗ ಅದೇ ಸೀಸೆಯ ಮೇಲೆ ಅಲ್ಯೂಮಿನಿಯಂ ತಿರುಪು ಮುಚ್ಚಳ, ನಯವಾದ ಗಾಜಿನ ಬಿರಡೆ, ಪ್ಲಾಸ್ಟಿಕ್ ನೊರೆಯಿಂದ ಮಾಡಿದ ಕೃತಕ ಕಾರ್ಕ್, ಪುಡಿಮಾಡಿ ಶುದ್ಧಗೊಳಿಸಿ ಮತ್ತೆ ಅಂಟಿಸಿದ ಕಾರ್ಕ್ ಇವೆಲ್ಲ ಕಾಣಸಿಗುತ್ತವೆ. ಕಾರ್ಕ್ ಅಲ್ಲದ್ದೆಲ್ಲ ಅಗ್ಗದ ಬದಲಿ, ಒಳ್ಳೆಯ ವೈನ್‌ಗೆ ಕಾರ್ಕ್ ಮಾತ್ರ ಯೋಗ್ಯ ಎಂಬ ಭಾವನೆ ಇನ್ನೂ ಬಲವಾಗಿದೆ. ಈ ಭಾವನೆಗೆ ಆಧಾರ ತೀರ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಬಿರಡೆಯನ್ನು ಅದರ ವಸ್ತುವಿನ ಘನತೆಯಿಂದ ಅಳೆಯುವುದಕ್ಕಿಂತ, ಅದು ಎಷ್ಟು ಗಾಳಿಯನ್ನು ಎಷ್ಟು ವರ್ಷಗಳ ಕಾಲ ಒಳಗೆ ಬಿಡುತ್ತದೆ ಮತ್ತು ಈ ಅಳತೆ ಸೀಸೆಯಿಂದ ಸೀಸೆಗೆ ಎಷ್ಟರಮಟ್ಟಿಗೆ ಒಂದೇ ಆಗಿರುತ್ತದೆ ಎಂಬುದರಿಂದ ಅಳೆಯುವುದು ಸರಿಯಾದ ಕ್ರಮ. ಹಾಗೆ ಅಳೆದಾಗ ಗಾಜಿನ ಬಿರಡೆಯೂ ಸೇರಿದಂತೆ ಪ್ರತಿಯೊಂದರ ಗುಣದೋಷಗಳು ಬೇರೆಯೇ ಆಗಿ ಕಾಣುತ್ತವೆ.

ಗಾಳಿಯ ವಿಷಯವನ್ನು ಮೊದಲು ತಿಳಿದುಕೊಳ್ಳದೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ವೈನ್‌ಗೆ ಬಣ್ಣ ಮತ್ತು ಒಗರು ಕೊಡುವ ಫೀನಾಲಿಕ್ ಸಂಯುಕ್ತಗಳು ಆಮ್ಲಜನಕದೊಂದಿಗೆ ವರ್ತಿಸುತ್ತವೆ. ಈ ಕ್ರಿಯೆ ಮುಂದುವರಿದಂತೆ ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗುತ್ತದೆ, ಹಣ್ಣಿನ ಪರಿಮಳ ಕುಂದುತ್ತದೆ, ಕೊನೆಗೆ ಕೊಯ್ದಿಟ್ಟ ಸೇಬು ಬಾಡಿದಾಗ ಬರುವಂಥ ವಾಸನೆ ಉಳಿಯುತ್ತದೆ. ಇದನ್ನು ತಡೆಯಲು ತಯಾರಕರು ಸೀಸೆ ತುಂಬುವ ಮುನ್ನ ಸಲ್ಫರ್ ಡೈಆಕ್ಸೈಡ್ ಸೇರಿಸುತ್ತಾರೆ. ಒಂದು ಮಿಲಿಗ್ರಾಂ ಆಮ್ಲಜನಕವನ್ನು ತಟಸ್ಥಗೊಳಿಸಲು ಸುಮಾರು ನಾಲ್ಕು ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಖರ್ಚಾಗುತ್ತದೆ. ಒಂದು ಮಿಲಿಲೀಟರ್ ಗಾಳಿಯಲ್ಲಿ ಸುಮಾರು 0.28 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಲೀಟರಿಗೆ 30 ಮಿಲಿಗ್ರಾಂ ಮುಕ್ತ (ಬೇರಾವುದರೊಂದಿಗೂ ಇನ್ನೂ ಕೂಡಿಕೊಳ್ಳದ) ಸಲ್ಫರ್ ಡೈಆಕ್ಸೈಡ್ ಇರುವ ಬಿಳಿ ವೈನ್ ಎಂದಿಟ್ಟುಕೊಂಡರೆ, 750 ಮಿಲಿಲೀಟರ್‌ನ ಸೀಸೆಯಲ್ಲಿ ಒಟ್ಟು 22 ಮಿಲಿಗ್ರಾಂ ಚಿಲ್ಲರೆ ರಕ್ಷಣೆ ಇರುತ್ತದೆ. ಆ ಸೀಸೆಯ ಕತ್ತಿನಲ್ಲಿ ಕೇವಲ 5 ಮಿಲಿಲೀಟರ್ ಗಾಳಿ ಸಿಕ್ಕಿಹಾಕಿಕೊಂಡರೂ ಆ ರಕ್ಷಣೆಯ ಕಾಲುಭಾಗ ಮೊದಲ ಕೆಲವು ವಾರಗಳಲ್ಲೇ ಮುಗಿದುಹೋಗುತ್ತದೆ. ಬಿರಡೆ ಎಷ್ಟೇ ಚೆನ್ನಾಗಿದ್ದರೂ ಸೀಸೆ ತುಂಬುವ ಸಾಲಿನಲ್ಲಿ ಎಚ್ಚರ ತಪ್ಪಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಈ ಲೆಕ್ಕವೊಂದೇ ಸಾಕು.

ಹಾಗೆಂದು ಆಮ್ಲಜನಕವನ್ನು ಸಂಪೂರ್ಣವಾಗಿ ಹೊರಗಿಡುವುದೂ ಯಾವಾಗಲೂ ಒಳ್ಳೆಯದಲ್ಲ. ಕೆಂಪು ವೈನ್‌ನ ಒಗರು ಮೃದುವಾಗುವುದಕ್ಕೂ ಬಣ್ಣ ಸ್ಥಿರವಾಗುವುದಕ್ಕೂ ಅತ್ಯಲ್ಪ ಪ್ರಮಾಣದ ಆಮ್ಲಜನಕ ನೆರವಾಗುತ್ತದೆ. ಹುದುಗುವಿಕೆಯ ಸಮಯದಲ್ಲಿ ಯೀಸ್ಟ್ ಬಿಟ್ಟುಹೋಗುವ ಗಂಧಕದ ಸಂಯುಕ್ತಗಳು ಗಾಳಿಯೇ ಸುಳಿಯದ ಸೀಸೆಯಲ್ಲಿ ತಲೆಯೆತ್ತಿ, ಬೇಯಿಸಿದ ಮೊಟ್ಟೆ, ರಬ್ಬರ್ ಅಥವಾ ಗೀರಿದ ಬೆಂಕಿಕಡ್ಡಿಯ ವಾಸನೆಯನ್ನು ಕೊಡಬಹುದು. ಹೀಗಾಗಿ ಒಳ್ಳೆಯ ಬಿರಡೆಯಿಂದ ತಯಾರಕರು ನಿರೀಕ್ಷಿಸುವುದು ಹದವನ್ನು. ಆ ಹದ ಆರು ತಿಂಗಳಲ್ಲಿ ಕುಡಿಯುವ ತಿಳಿಯಾದ ಬಿಳಿ ವೈನ್‌ಗೆ ಒಂದು, ಇಪ್ಪತ್ತು ವರ್ಷ ಮಾಗಬೇಕಾದ ಕೆಂಪು ವೈನ್‌ಗೆ ಇನ್ನೊಂದು.

ಪ್ರಾಚೀನರ ಬಳಿ ಈ ಲೆಕ್ಕ ಇರಲಿಲ್ಲವಾದರೂ ಗಾಳಿಯೇ ಶತ್ರು ಎಂಬುದು ಅವರಿಗೆ ತಿಳಿದಿತ್ತು. ರೋಮನರು ಮಣ್ಣಿನ ಕೊಡಗಳ ಬಾಯಿಗೆ ಕಾರ್ಕ್ ತುಂಡಿಟ್ಟು ರಾಳ ಬಳಿಯುತ್ತಿದ್ದರು. ಜರ್ಮನಿಯ ಸ್ಪೈಯರ್ ಬಳಿ 1867ರಲ್ಲಿ ದೊರೆತ, ನಾಲ್ಕನೆಯ ಶತಮಾನಕ್ಕೆ ಸೇರಿದ ಗಾಜಿನ ಸೀಸೆಯೊಂದರಲ್ಲಿ ಇಂದಿಗೂ ದ್ರವ ಉಳಿದಿದೆ. ಅದನ್ನು ಕಾಪಾಡಿದ್ದು ವೈನ್‌ನ ಮೇಲೆ ಸುರಿದ ಆಲಿವ್ ಎಣ್ಣೆಯ ಪದರ ಮತ್ತು ಬಾಯಿಗೆ ಹಾಕಿದ ಮೇಣ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಾಜಿನ ಕುಲುಮೆಗಳು ಕಲ್ಲಿದ್ದಲ ಉರಿಯಲ್ಲಿ ಗಟ್ಟಿಯಾದ ಸೀಸೆಗಳನ್ನು ಮಾಡತೊಡಗಿದ ಮೇಲೆ ಕಾರ್ಕ್ ಮತ್ತು ಸೀಸೆಯ ಜೋಡಿ ನೆಲೆಯೂರಿತು.

ಕಾರ್ಕ್ ಅಷ್ಟು ದೀರ್ಘಕಾಲ ಆಳಿದ್ದಕ್ಕೆ ಅದರ ರಚನೆಯೇ ಕಾರಣ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ 'ಕೋಶ' ಎಂದು ಹೆಸರಿಟ್ಟದ್ದು ಕಾರ್ಕ್‌ನ ತೆಳುವಾದ ಸೀಳನ್ನೇ. ಒಂದು ಘನ ಸೆಂಟಿಮೀಟರ್ ಕಾರ್ಕ್‌ನಲ್ಲಿ ಸುಮಾರು 4 ಕೋಟಿ ಕೋಶಗಳಿದ್ದು, ಪ್ರತಿಯೊಂದರೊಳಗೂ ಗಾಳಿ ತುಂಬಿರುತ್ತದೆ. ಕೋಶದ ಗೋಡೆಗಳು ಸುಬೆರಿನ್ ಎಂಬ ಮೇಣದಂಥ ವಸ್ತುವಿನಿಂದ ಆಗಿರುವುದರಿಂದ ನೀರು ಒಳಸೇರುವುದಿಲ್ಲ. 24 ಮಿಲಿಮೀಟರ್ ವ್ಯಾಸದ ಬಿರಡೆಯನ್ನು ಒತ್ತಿ 18.5 ಮಿಲಿಮೀಟರ್‌ನ ಕತ್ತಿಗೆ ತೂರಿಸಿದಾಗ ಅದು ದಶಕಗಳ ಕಾಲ ಗಾಜಿನ ಮೇಲೆ ಒತ್ತುತ್ತಲೇ ಇರುತ್ತದೆ. ರಬ್ಬರನ್ನು ಉದ್ದಕ್ಕೆ ಒತ್ತಿದರೆ ಅಡ್ಡಕ್ಕೆ ಉಬ್ಬುತ್ತದೆ. ಕಾರ್ಕ್ ಹಾಗೆ ಉಬ್ಬುವುದಿಲ್ಲ, ಆದ್ದರಿಂದಲೇ ಅದನ್ನು ಕತ್ತಿನೊಳಕ್ಕೆ ಸಿಲುಕದಂತೆ ತಳ್ಳಲು ಸಾಧ್ಯ. ತೊಗಟೆಯನ್ನು ಸೀಳಿಕೊಂಡು ಹೋಗುವ ಸಹಜ ರಂಧ್ರಗಳು ಬಿರಡೆಯ ಉದ್ದಕ್ಕೆ ಬಾರದೆ ಅಡ್ಡಕ್ಕೆ ಬರುವಂತೆ ಬಿರಡೆಯನ್ನು ಕೊರೆಯುವುದು ಶತಮಾನಗಳ ಕುಶಲತೆ.

ತೊಂದರೆ ಇರುವುದು ಇದು ಮರದ ತೊಗಟೆ ಎಂಬುದರಲ್ಲೇ. ಕಾರ್ಕ್ ಓಕ್ ಮರದ ತೊಗಟೆಯನ್ನು ಮೊದಲ ಸಲ ಸುಲಿಯಲು ಮರಕ್ಕೆ ಸುಮಾರು 25 ವರ್ಷ ತುಂಬಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯಬಹುದು. ಬಿರಡೆಗೆ ತಕ್ಕ ನಯ ಬರುವುದು ಮೂರನೆಯ ಸುಲಿತದಿಂದ, ಎಂದರೆ ಮರಕ್ಕೆ ನಲವತ್ತು ದಾಟಿದ ಮೇಲೆ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್‌ನಿಂದ ಬರುತ್ತದೆ, ನಂತರದ ಸ್ಥಾನ ಸ್ಪೇನ್‌ನದು. ಹೀಗೆ ಬೆಳೆದ ವಸ್ತುವಿನ ಎರಡು ತುಂಡುಗಳು ಎಂದೂ ಒಂದೇ ಆಗಿರುವುದಿಲ್ಲ. ಒಂದೇ ದಿನ, ಒಂದೇ ಪೀಪಾಯಿಯಿಂದ ತುಂಬಿದ ಹನ್ನೆರಡು ಸೀಸೆಗಳನ್ನು ಹತ್ತು ವರ್ಷದ ನಂತರ ತೆರೆದರೆ ಕೆಲವು ತಾಜಾ ಇರುತ್ತವೆ, ಒಂದೆರಡು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಕಾರ್ಕ್‌ನ ಮೂಲಕ ಬರುವ ಆಮ್ಲಜನಕದ ದೊಡ್ಡ ಪಾಲು ಹೊರಗಿನದೂ ಅಲ್ಲ. ಬಿರಡೆಯನ್ನು ಒತ್ತಿ ತೂರಿಸಿದಾಗ ಅದರ ಕೋಶಗಳೊಳಗಿನ ಗಾಳಿ ಹಿಂಡಿದಂತಾಗಿ ಮೊದಲ ತಿಂಗಳುಗಳಲ್ಲಿ ವೈನ್‌ನೊಳಕ್ಕೆ ಇಳಿಯುತ್ತದೆ. 'ಕಾರ್ಕ್ ಉಸಿರಾಡುತ್ತದೆ' ಎಂಬ ಪ್ರಸಿದ್ಧ ಮಾತು ಈ ಕಾರಣದಿಂದ ಅರ್ಧಸತ್ಯ.

ಇದಕ್ಕಿಂತ ದೊಡ್ಡ ಆರೋಪ ಬೂಷ್ಟಿನ ವಾಸನೆಯದು. ಒದ್ದೆ ರಟ್ಟಿನ ಪೆಟ್ಟಿಗೆ, ಗಾಳಿಯಾಡದ ನೆಲಮಾಳಿಗೆ ಇವುಗಳನ್ನು ನೆನಪಿಸುವ ಈ ವಾಸನೆಗೆ ಕಾರಣವಾದ ವಸ್ತು ಟ್ರೈಕ್ಲೋರೋಅನಿಸೋಲ್, ಸಂಕ್ಷಿಪ್ತವಾಗಿ ಟಿಸಿಎ, ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹಾನ್ಸ್ ಟ್ಯಾನರ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದ ಆರಂಭದಲ್ಲಿ ಗುರುತಿಸಿದರು. ಇದರ ಹುಟ್ಟಿನ ಬಗೆ ಗಮನಾರ್ಹ. ಕೀಟನಾಶಕಗಳಿಂದಲೋ ಮರವನ್ನು ಕಾಪಾಡಲು ಬಳಿದ ರಾಸಾಯನಿಕಗಳಿಂದಲೋ ಕ್ಲೋರಿನ್‌ನಿಂದ ತೊಳೆದುದರಿಂದಲೋ ಕ್ಲೋರೋಫೀನಾಲ್ ಎಂಬ ಕ್ಲೋರಿನ್ ಸಂಯುಕ್ತಗಳು ತೊಗಟೆಯಲ್ಲಿ ಸೇರಿರುತ್ತವೆ. ಅಲ್ಲಿ ಬೆಳೆಯುವ ಬೂಷ್ಟುಗಳಿಗೆ ಇವು ವಿಷ. ಆ ವಿಷದಿಂದ ಪಾರಾಗಲು ಬೂಷ್ಟು ಅದಕ್ಕೊಂದು ಮೀಥೈಲ್ ಗುಂಪನ್ನು, ಎಂದರೆ ಇಂಗಾಲ-ಜಲಜನಕಗಳ ಚಿಕ್ಕ ತುಣುಕನ್ನು, ಜೋಡಿಸುತ್ತದೆ. ಬೂಷ್ಟಿಗೆ ನಿರಪಾಯವಾದ, ನಮ್ಮ ಮೂಗಿಗೆ ಅಸಹ್ಯವಾದ ಟಿಸಿಎ ಹುಟ್ಟುವುದು ಹಾಗೆ.

ಇದರ ತೀಕ್ಷ್ಣತೆ ನಂಬಲಾಗದಷ್ಟು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಅನುಭವಿಗಳು ಗುರುತಿಸುತ್ತಾರೆ. ನಾಲ್ಕು ನ್ಯಾನೋಗ್ರಾಂ ಎಂದು ಹಿಡಿದರೂ, ಒಂದೇ ಒಂದು ಗ್ರಾಂ ಟಿಸಿಎ 25 ಕೋಟಿ ಲೀಟರ್ ವೈನನ್ನು, ಎಂದರೆ 33 ಕೋಟಿಗೂ ಹೆಚ್ಚು ಸೀಸೆಗಳನ್ನು ಕೆಡಿಸಬಲ್ಲದು. ಈ ಪ್ರಮಾಣದಲ್ಲಿ ಅದು ಆರೋಗ್ಯಕ್ಕೆ ಹಾನಿಕರವಲ್ಲ. ಅದರ ನಿಜವಾದ ಕೇಡು ಇನ್ನೂ ಸೂಕ್ಷ್ಮವಾದದ್ದು: ಟಿಸಿಎ ಮೂಗಿನ ಘ್ರಾಣಕೋಶಗಳ ಸಂಕೇತವನ್ನೇ ಅಡಗಿಸುತ್ತದೆ ಎಂದು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಹಾಗಾಗಿ ಬೂಷ್ಟಿನ ವಾಸನೆ ಬಾರದಷ್ಟು ಕಡಿಮೆ ಇದ್ದಾಗಲೂ ವೈನ್ ಸಪ್ಪೆಯಾಗಿ, ಹಣ್ಣಿನ ಪರಿಮಳವೇ ಇಲ್ಲದಂತೆ ತೋರುತ್ತದೆ. ಕುಡಿದವರು ಬಿರಡೆಯನ್ನು ದೂರುವುದಿಲ್ಲ, ತಯಾರಕನನ್ನು ದೂರುತ್ತಾರೆ. ಪರ್ಯಾಯಗಳತ್ತ ತಯಾರಕರು ಹೊರಳಿದ್ದರ ಹಿಂದೆ ಇದ್ದ ನೋವು ಇದೇ. ಆದರೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಟಿಸಿಎ ಕಾರ್ಕ್‌ನಿಂದ ಮಾತ್ರ ಬರುವುದಿಲ್ಲ. ಪೀಪಾಯಿ, ಮರದ ಹಲಗೆ, ನೆಲಮಾಳಿಗೆಯ ತೊಲೆಗಳಿಂದಲೂ ಅದು ವೈನ್‌ಗೆ ಸೇರಬಹುದು. ಅಂಥ ಕಡೆ ಯಾವ ಬಿರಡೆ ಹಾಕಿದರೂ ವೈನ್ ಕೆಟ್ಟೇ ಇರುತ್ತದೆ.

ಮೊದಲು ಗೆದ್ದ ಪರ್ಯಾಯ ತಿರುಪು ಮುಚ್ಚಳ. ಇಂಗ್ಲೆಂಡಿನ ಡ್ಯಾನ್ ರೈಲ್ಯಾಂಡ್ಸ್ ತಿರುಪು ಮುಚ್ಚಳಕ್ಕೆ 1889ರಲ್ಲೇ ಪೇಟೆಂಟ್ ಪಡೆದಿದ್ದರೂ ವೈನ್‌ಗೆ ತಕ್ಕ ರೂಪ ಬಂದದ್ದು 1960ರ ದಶಕದಲ್ಲಿ, ಫ್ರಾನ್ಸ್‌ನ ಕಂಪನಿಯೊಂದರ ಕೈಯಲ್ಲಿ. ಮುಂದೆ ಸ್ಟೆಲ್ವಿನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಇದರಲ್ಲಿ ಆಸ್ಟ್ರೇಲಿಯಾದ ಯಲುಂಬಾ ವೈನರಿ ಆರಂಭದಿಂದಲೂ ಆಸಕ್ತಿ ತೋರಿತ್ತು ಮತ್ತು 1970ರ ದಶಕದಲ್ಲಿ ಅದನ್ನು ಬಳಸಿಯೂ ನೋಡಿತು. ತಾಂತ್ರಿಕವಾಗಿ ಮುಚ್ಚಳ ಸೋಲಲಿಲ್ಲ. ಗ್ರಾಹಕರು ಅದನ್ನು ಅಗ್ಗದ ಮದ್ಯದ ಗುರುತೆಂದು ತಿರಸ್ಕರಿಸಿದರು, 1980ರ ದಶಕದಲ್ಲಿ ಪ್ರಯೋಗ ನಿಂತುಹೋಯಿತು. ಆದರೆ ಆಗ ಮುಚ್ಚಿಟ್ಟ ರೀಸ್ಲಿಂಗ್ ಎಂಬ ಬಿಳಿ ವೈನ್‌ನ ಸೀಸೆಗಳು ವರ್ಷಗಳ ನಂತರವೂ ತಾಜಾ ಇದ್ದುದನ್ನು ತಯಾರಕರು ಮರೆಯಲಿಲ್ಲ. 2000ದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರ ಗುಂಪೊಂದು ಒಟ್ಟಾಗಿ ಈ ಮುಚ್ಚಳಕ್ಕೆ ಬದಲಾಯಿತು. ಒಬ್ಬನೇ ಬದಲಾದರೆ ಅವನ ವೈನ್ ಅಗ್ಗದ್ದೆನ್ನಿಸಿಕೊಳ್ಳುತ್ತಿತ್ತು. ಕಣಿವೆಯೇ ಬದಲಾದಾಗ ಆ ಮಾತಿಗೆ ಬಲ ಉಳಿಯಲಿಲ್ಲ. ಮರುವರ್ಷ ನ್ಯೂಜಿಲೆಂಡಿನ ತಯಾರಕರೂ ಸಂಘಟಿತರಾದರು. ಇಂದು ಆ ದೇಶದ ವೈನ್ ಬಹುಪಾಲು ತಿರುಪು ಮುಚ್ಚಳದಲ್ಲೇ ಹೊರಬರುತ್ತದೆ.

ತಿರುಪು ಮುಚ್ಚಳದಲ್ಲಿ ಅಲ್ಯೂಮಿನಿಯಂ ಮಾಡುವುದು ಹಿಡಿದುಕೊಳ್ಳುವ ಕೆಲಸವನ್ನು ಮಾತ್ರ. ವೈನ್ ಮತ್ತು ಗಾಳಿಯ ನಡುವೆ ನಿಲ್ಲುವುದು ಮುಚ್ಚಳದೊಳಗಿನ ತೆಳುವಾದ ಬಿಲ್ಲೆ. ತವರದ ಹಾಳೆಯಿರುವ ಬಿಲ್ಲೆ ಆಮ್ಲಜನಕವನ್ನು ಬಹುತೇಕ ತಡೆದುಬಿಡುತ್ತದೆ. ತವರವಿಲ್ಲದ ಪ್ಲಾಸ್ಟಿಕ್ ಪದರಗಳ ಬಿಲ್ಲೆ ಸ್ವಲ್ಪ ಹೆಚ್ಚು ಬಿಡುತ್ತದೆ. ಹೊರನೋಟಕ್ಕೆ ಎರಡೂ ಮುಚ್ಚಳ ಒಂದೇ, ಆದರೆ ವೈನ್ ಮಾಗುವ ರೀತಿ ಬೇರೆ. ಕಾರ್ಕ್ ಇಲ್ಲದ ಕಾರಣ ಸೀಸೆಯ ಕತ್ತಿನಲ್ಲಿ ಖಾಲಿ ಜಾಗ ಹೆಚ್ಚು. ಮುಚ್ಚುವ ಮುನ್ನ ಅಲ್ಲಿನ ಗಾಳಿಯನ್ನು ನೈಟ್ರೋಜನ್‌ನಿಂದ ಹೊರದೂಡದಿದ್ದರೆ ಅತ್ಯುತ್ತಮ ಬಿಲ್ಲೆಯೂ ವ್ಯರ್ಥ.

ಈ ವಾದವಿವಾದಕ್ಕೆ ಗಟ್ಟಿಯಾದ ಆಧಾರ ಒದಗಿಸಿದ್ದು ಆಸ್ಟ್ರೇಲಿಯನ್ ವೈನ್ ಸಂಶೋಧನಾ ಸಂಸ್ಥೆ. ಅದು 1999ರ ಕ್ಲೇರ್ ಕಣಿವೆಯ ಸೆಮಿಯೋನ್ ಎಂಬ ಬಿಳಿ ವೈನನ್ನು 14 ಬಗೆಯ ಬಿರಡೆಗಳಲ್ಲಿ ಮುಚ್ಚಿ, ವರ್ಷಗಳ ಕಾಲ ಅಳೆಯುತ್ತ ಹೋಯಿತು. ತಿರುಪು ಮುಚ್ಚಳದಡಿಯ ವೈನ್ ಅತಿ ಹೆಚ್ಚು ಸಲ್ಫರ್ ಡೈಆಕ್ಸೈಡನ್ನೂ ತಾಜಾತನವನ್ನೂ ಉಳಿಸಿಕೊಂಡಿತು. ಆಗಿನ ಹಲವು ಪ್ಲಾಸ್ಟಿಕ್ ಬಿರಡೆಗಳಡಿಯ ವೈನ್ ಬೇಗನೆ ಕಂದಾಯಿತು. ಜೊತೆಗೆ, ತಿರುಪು ಮುಚ್ಚಳದ ವೈನ್‌ನಲ್ಲಿ ರಬ್ಬರಿನಂಥ ವಾಸನೆಯೂ ಗುರುತಾಯಿತು. ಈ ಕೊನೆಯ ಫಲಿತಾಂಶವನ್ನು ಕಾರ್ಕ್ ಪಕ್ಷದವರು ಬಹಳ ಎತ್ತಿ ಆಡಿದರು. ಅದರಿಂದ ಕಲಿಯಬೇಕಾದ್ದು ಬೇರೆ: ಮುಚ್ಚಳ ಗಂಧಕದ ವಾಸನೆಯನ್ನು ಹುಟ್ಟಿಸುವುದಿಲ್ಲ, ಗಾಳಿಯನ್ನು ತಡೆಯುವುದರಿಂದ ವೈನ್‌ನಲ್ಲಿ ಮೊದಲೇ ಇದ್ದ ಗಂಧಕದ ಸಂಯುಕ್ತಗಳು ತಲೆಯೆತ್ತುತ್ತವೆ. ಸೀಸೆ ತುಂಬುವ ಮುನ್ನವೇ ಆ ಸಂಯುಕ್ತಗಳನ್ನು ನಿಭಾಯಿಸುವುದನ್ನು ತಯಾರಕರು ಕಲಿತ ಮೇಲೆ ದೂರು ಬಹಳಷ್ಟು ತಗ್ಗಿತು.

ಇನ್ನು ಗಾಜಿನ ಬಿರಡೆ. ಇದು ಹೊಸ ಕಲ್ಪನೆಯೇನಲ್ಲ. 1676ರಲ್ಲಿ ಇಂಗ್ಲೆಂಡಿನ ಜಾನ್ ವರ್ಲಿಜ್ ಸೇಬಿನ ಮದ್ಯವನ್ನು ಕುರಿತು ಬರೆಯುತ್ತ, ಕಾರ್ಕ್‌ಗಿಂತ ಗಾಜಿನ ಬಿರಡೆಯೇ ಮೇಲು ಎಂದು ಶಿಫಾರಸು ಮಾಡಿದ್ದ. ಆ ಕಾಲದ ವಿಧಾನದಲ್ಲಿ ಗಾಜಿನ ಬಿರಡೆಯನ್ನು ಎಮರಿ ಎಂಬ ಗಟ್ಟಿ ಕಲ್ಲಿನ ಪುಡಿ ಮತ್ತು ಎಣ್ಣೆ ಹಚ್ಚಿ ಸೀಸೆಯ ಕತ್ತಿನಲ್ಲೇ ತಿರುಗಿಸುತ್ತ, ಎರಡೂ ಮೈಗಳು ಒಂದಕ್ಕೊಂದು ಕೂಡುವವರೆಗೆ ಉಜ್ಜುತ್ತಿದ್ದರು. ಹಾಗೆ ಉಜ್ಜಿದ ಬಿರಡೆ ಆ ಒಂದು ಸೀಸೆಗೆ ಮಾತ್ರ ಸರಿಹೊಂದುತ್ತಿತ್ತು. ಅದಲುಬದಲಾಗದಿರಲೆಂದು ದಾರದಿಂದ ಸೀಸೆಗೇ ಕಟ್ಟಿಡುತ್ತಿದ್ದರು. ಗಾಳಿಯನ್ನು ಅದು ಚೆನ್ನಾಗಿಯೇ ತಡೆಯುತ್ತಿತ್ತು, ಆದರೆ ತೆರೆಯುವುದು ಕಷ್ಟ. ಗಾಜಿಗೆ ಗಾಜು ಕಚ್ಚಿಕೊಂಡರೆ ಕತ್ತು ಮುರಿಯದೆ ಬಿರಡೆ ಕೈಗೆ ಬರುತ್ತಿರಲಿಲ್ಲ. ದುಬಾರಿಯೂ ಆಗಿದ್ದುದರಿಂದ ಅದು ಔಷಧದ ಸೀಸೆ, ಪ್ರಯೋಗಶಾಲೆ ಮತ್ತು ಮೇಜಿನ ಮೇಲಿಡುವ ಅಲಂಕಾರದ ಪಾತ್ರೆಗಳಿಗೆ ಸೀಮಿತವಾಯಿತು, ವೈನ್ ಸೀಸೆ ಕಾರ್ಕ್‌ನ ಪಾಲಾಯಿತು.

ಗಾಜು ಮರಳಿ ಬಂದದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ, ಜರ್ಮನಿಯಲ್ಲಿ. ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಜರ್ಮನ್ ಶಾಖೆ ವಿನೋ-ಲಾಕ್ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ರೈನ್‌ಗೌ ಪ್ರದೇಶದ ಹಳೆಯ ವೈನ್ ಮನೆತನವಾದ ಶ್ಲಾಸ್ ವೋಲ್‌ರಾಡ್ಸ್ ಅದನ್ನು ಮೊದಮೊದಲು ಅಪ್ಪಿಕೊಂಡವರಲ್ಲಿ ಒಂದು. ಅಮೆರಿಕದಲ್ಲಿ ಅದಕ್ಕೆ ವಿನೋ-ಸೀಲ್ ಎಂಬ ಹೆಸರಿತ್ತು. ಮುಂದೆ ಅದರ ತಯಾರಿಕೆ ಚೆಕ್ ಗಣರಾಜ್ಯದ ಗಾಜಿನ ಸಂಸ್ಥೆ ಪ್ರೆಸಿಯೋಸಾದ ಕೈಸೇರಿತು. ಬೊಹೀಮಿಯಾದ ಶತಮಾನಗಳ ಗಾಜಿನ ಪರಂಪರೆಯ ನೆಲದಲ್ಲಿ ಈ ಬಿರಡೆ ನೆಲೆ ಕಂಡಿರುವುದು ಸಹಜವೆನ್ನಿಸುತ್ತದೆ.

ಹೊಸ ಗಾಜಿನ ಬಿರಡೆಯ ಮುಖ್ಯ ಜಾಣತನವೆಂದರೆ ಗಾಜಿಗೆ ಗಾಜು ತಾಗದಂತೆ ಮಾಡಿರುವುದು. ಅಗಲ ತಲೆಯ, ಗಿಡ್ಡ ಕಾಲಿನ ಬಿರಡೆಯ ಸುತ್ತ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಮೆತ್ತನೆಯ ಪಾಲಿಮರ್‌ನ ಉಂಗುರವಿರುತ್ತದೆ. ಬಿರಡೆಯನ್ನು ಒತ್ತಿದಾಗ ಈ ಉಂಗುರ ಸೀಸೆಯ ತುಟಿ ಮತ್ತು ಬಿರಡೆಯ ನಡುವೆ ಅಮುಕಿಕೊಂಡು ಸಂದನ್ನು ಮುಚ್ಚುತ್ತದೆ. ತೆರೆಯಲು ಸಾಧನ ಬೇಡ. ಹೆಬ್ಬೆರಳಿನಿಂದ ತಲೆಯ ಅಂಚನ್ನು ಮೇಲಕ್ಕೆ ನೂಕಿದರೆ ಸಣ್ಣ ಸದ್ದಿನೊಂದಿಗೆ ಕಳಚುತ್ತದೆ, ಮತ್ತೆ ಒತ್ತಿದರೆ ಕೂರುತ್ತದೆ. ಕಾರ್ಕ್ ಪುಡಿಯಾಗಿ ವೈನ್‌ಗೆ ಬೀಳುವುದು, ಅರ್ಧಕ್ಕೆ ಮುರಿಯುವುದು ಇವು ಯಾವುವೂ ಇಲ್ಲಿಲ್ಲ. ಕಾರ್ಕ್ ಇಲ್ಲದುದರಿಂದ ಬಿರಡೆಯಿಂದ ಬರುವ ಟಿಸಿಎ ಪ್ರಶ್ನೆಯೂ ಇಲ್ಲ.

ಆದರೆ 'ಗಾಜು ಜಡವಸ್ತು, ಆದ್ದರಿಂದ ಗಾಜಿನ ಬಿರಡೆ ಪರಿಪೂರ್ಣ' ಎಂಬ ಮಾರಾಟದ ಮಾತನ್ನು ಇಡಿಯಾಗಿ ಒಪ್ಪಲಾಗದು. ಗಾಜಿನ ಮೂಲಕ ಆಮ್ಲಜನಕ ಹಾಯುವುದಿಲ್ಲ ಎಂಬುದು ನಿಜ. ಸೀಸೆಯನ್ನು ನಿಜವಾಗಿ ಮುಚ್ಚುತ್ತಿರುವುದು ಮಾತ್ರ ಆ ಪಾಲಿಮರ್ ಉಂಗುರ. ಒಳಬರುವ ಅಲ್ಪಸ್ವಲ್ಪ ಆಮ್ಲಜನಕ ಬರುವುದು ಅದರ ದಾರಿಯಾಗಿಯೇ, ಬಿರಡೆಯ ಆಯುಷ್ಯ ನಿರ್ಧಾರವಾಗುವುದು ಅದರ ಸ್ಥಿತಿಸ್ಥಾಪಕತ್ವದಿಂದಲೇ. ಕಾರ್ಖಾನೆಯಲ್ಲಿ ಅಚ್ಚಿನಿಂದ ಬಂದ ಉಂಗುರಗಳು ಒಂದರಂತೆ ಇನ್ನೊಂದಿರುತ್ತವೆ, ಆದ್ದರಿಂದ ಸೀಸೆಯಿಂದ ಸೀಸೆಗೆ ವ್ಯತ್ಯಾಸ ಕಡಿಮೆ. ಈ ಗುಣದಲ್ಲಿ ಗಾಜಿನ ಬಿರಡೆ ಸಹಜ ಕಾರ್ಕ್‌ಗಿಂತ ನಿಸ್ಸಂದೇಹವಾಗಿ ಮೇಲು. ಐವತ್ತು ವರ್ಷ ಮಾಗುವ ವೈನ್‌ಗೆ ಅದು ತಕ್ಕುದೇ ಎಂದು ಕೇಳಿದರೆ, ಈ ಹೊಸ ಬಗೆಯ ಗಾಜಿನ ಬಿರಡೆಯ ಅಷ್ಟು ಹಳೆಯ ಸೀಸೆ ಜಗತ್ತಿನಲ್ಲಿ ಇನ್ನೂ ಇಲ್ಲ. ಇರುವ ಅನುಭವ ಎರಡು ದಶಕಗಳ ಆಸುಪಾಸಿನದು. ಅದು ಹೆಚ್ಚಾಗಿ ಬಳಕೆಯಾಗಿರುವುದೂ ಬಿಳಿ ಮತ್ತು ರೋಸೆ (ತಿಳಿಗುಲಾಬಿ ಬಣ್ಣದ) ವೈನ್‌ಗಳಿಗೆ, ಬೇಗ ಕುಡಿಯುವಂಥವಕ್ಕೆ.

ಅದು ಎಲ್ಲೆಡೆ ಹರಡದಿರುವುದಕ್ಕೆ ಕಾರಣ ರಸಾಯನವಲ್ಲ, ಕಾರ್ಖಾನೆ. ಸಾಮಾನ್ಯ ಸೀಸೆಯ ಕತ್ತಿನ ಅಳತೆ ಒಂದಿಷ್ಟು ಆಚೀಚೆಯಾದರೂ ಕಾರ್ಕ್ ಹಿಗ್ಗಿ ಹೊಂದಿಕೊಳ್ಳುತ್ತದೆ. ಗಾಜಿನ ಬಿರಡೆಗೆ ಆ ಔದಾರ್ಯವಿಲ್ಲ. ಅದಕ್ಕೆ ನಿಖರವಾದ ಒಳವ್ಯಾಸ ಮತ್ತು ಸಮತಟ್ಟಾದ ತುಟಿ ಇರುವ ವಿಶೇಷ ಸೀಸೆಗಳೇ ಬೇಕು, ಅವನ್ನು ಕೂರಿಸಲು ಬೇರೆ ಯಂತ್ರ ಬೇಕು. ಸಣ್ಣ ವೈನರಿಗಳು ಕೈಯಿಂದಲೇ ಒತ್ತುತ್ತವೆ. ಬೆಲೆಯಲ್ಲಿ ಅದು ಉತ್ತಮ ದರ್ಜೆಯ ಸಹಜ ಕಾರ್ಕ್‌ನ ಸಾಲಿಗೆ ನಿಲ್ಲುತ್ತದೆ, ತಿರುಪು ಮುಚ್ಚಳಕ್ಕಿಂತ ಬಹಳ ಮೇಲೆ. ಸಾಗಣೆಯ ಕಷ್ಟವೂ ಇದೆ. 750 ಮಿಲಿಲೀಟರ್ ವೈನ್ 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸುಮಾರು 5 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಕತ್ತಿನಲ್ಲಿ ಜಾಗ ಸಾಲದಿದ್ದರೆ ಆ ಒತ್ತಡ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ. ಕಾರ್ಕ್ ಉದ್ದಕ್ಕೂ ಗಾಜನ್ನು ಹಿಡಿದಿರುವುದರಿಂದ ಸ್ವಲ್ಪ ಸರಿದರೂ ಮುಚ್ಚಿಯೇ ಇರುತ್ತದೆ. ಗಿಡ್ಡ ಕಾಲಿನ ಗಾಜಿನ ಬಿರಡೆಗೆ ಸರಿಯಲು ಅವಕಾಶವಿಲ್ಲ. ಅದಕ್ಕಾಗಿಯೇ ಅದರ ಮೇಲೆ ಲೋಹದ ಅಥವಾ ಪ್ಲಾಸ್ಟಿಕ್‌ನ ಹೊದಿಕೆ ಹಾಕಿ ಭದ್ರಪಡಿಸುತ್ತಾರೆ. ಒಳಗಿನ ಒತ್ತಡ ಐದಾರು ವಾಯುಭಾರದಷ್ಟಿರುವ ಶಾಂಪೇನ್‌ನಂಥ ವೈನ್‌ಗಳಿಗಂತೂ ಅದು ಹೊಂದುವುದಿಲ್ಲ.

ಪ್ಲಾಸ್ಟಿಕ್ ಬಿರಡೆಗಳ ಕಥೆ ಸಂಕ್ಷಿಪ್ತವಾಗಿ ಹೇಳಬಹುದಾದದ್ದು. 1990ರ ದಶಕದಲ್ಲಿ ಬಂದ ಮೊದಲ ಪೀಳಿಗೆಯವು ತೆಗೆಯಲು ಬಿಗಿ, ಗಾಳಿಗೆ ಸಡಿಲ; ವೈನ್‌ನ ಪರಿಮಳದ ಅಣುಗಳನ್ನು ತಾವೇ ಹೀರಿಕೊಳ್ಳುವ ದೋಷವೂ ಅವಕ್ಕಿತ್ತು. 1999ರಲ್ಲಿ ಆರಂಭವಾದ ನೋಮಾಕಾರ್ಕ್ ಕಂಪನಿ ನೊರೆಯ ತಿರುಳಿನ ಸುತ್ತ ನಯವಾದ ಹೊರಪದರವಿರುವಂತೆ ಪ್ಲಾಸ್ಟಿಕ್ಕನ್ನು ಅಚ್ಚಿನ ಬಾಯಿಯಿಂದ ಹೊರತಳ್ಳುವ ವಿಧಾನವನ್ನು ತಂದ ಮೇಲೆ ಪರಿಸ್ಥಿತಿ ಸುಧಾರಿಸಿತು, ಮುಂದೆ ಕಬ್ಬಿನಿಂದ ಪಡೆದ ಪಾಲಿಎಥಿಲೀನ್‌ನ ಬಿರಡೆಗಳೂ ಬಂದವು. ವರ್ಷಕ್ಕೆ ಇಷ್ಟು ಆಮ್ಲಜನಕ ಎಂದು ಅಳತೆ ನಮೂದಿಸಿದ ಬಿರಡೆಗಳನ್ನು ತಯಾರಕರು ಆರಿಸಿಕೊಳ್ಳುವ ಪದ್ಧತಿ ಬೆಳೆದದ್ದರಲ್ಲಿ ಇವುಗಳ ಪಾಲು ದೊಡ್ಡದು, ಅದನ್ನು ಒಪ್ಪಲೇಬೇಕು.

ಈ ಎಲ್ಲ ಪೈಪೋಟಿಯಿಂದ ಅತಿ ಹೆಚ್ಚು ಬದಲಾದದ್ದು ಕಾರ್ಕ್ ಉದ್ಯಮವೇ. ಕ್ಲೋರಿನ್ ತೊಳೆತ ನಿಂತು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಹಬೆಯ ಶುದ್ಧೀಕರಣ ಬಂತು. ಫ್ರಾನ್ಸ್‌ನ ಪರಮಾಣು ಶಕ್ತಿ ಆಯೋಗದ ಸಹಯೋಗದಲ್ಲಿ ರೂಪುಗೊಂಡ ಡಿಯಾಂ ವಿಧಾನ ಇವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಕಾರ್ಬನ್ ಡೈಆಕ್ಸೈಡನ್ನು 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್ ಒತ್ತಡದ ಮೇಲಕ್ಕೆ ಒಯ್ದರೆ ಅದು ಅನಿಲದಂತೆ ಒಳನುಗ್ಗುತ್ತದೆ, ದ್ರವದಂತೆ ಕರಗಿಸಿಕೊಳ್ಳುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಬಳಸುವ ಈ ತಂತ್ರವನ್ನು ಪುಡಿಮಾಡಿದ ಕಾರ್ಕ್ ಮೇಲೆ ಪ್ರಯೋಗಿಸಿ ಟಿಸಿಎಯನ್ನು ಹೊರಗೆಳೆದು, ಶುದ್ಧವಾದ ಕಣಗಳನ್ನು ಅಂಟಿನೊಂದಿಗೆ ಅಚ್ಚಿಗೆ ಹಾಕಿ ಬಿರಡೆ ಮಾಡುತ್ತಾರೆ. ಇಡಿಯಾದ ಕಾರ್ಕ್ ಬೇಕೆನ್ನುವವರಿಗಾಗಿ ಪೋರ್ಚುಗಲ್‌ನ ಅಮೊರಿಂ ಕಂಪನಿ 2016ರಿಂದ ಪ್ರತಿಯೊಂದು ಬಿರಡೆಯನ್ನೂ ಪ್ರತ್ಯೇಕವಾಗಿ ಟಿಸಿಎ ಪರೀಕ್ಷೆಗೆ ಒಳಪಡಿಸುವ ಸೇವೆಯನ್ನು ಆರಂಭಿಸಿತು. ತಿರುಪು ಮುಚ್ಚಳದ ಮತ್ತು ಗಾಜಿನ ಒತ್ತಡ ಇಲ್ಲದಿದ್ದರೆ ಈ ಸುಧಾರಣೆಗಳು ಇಷ್ಟು ಬೇಗ ಬರುತ್ತಿದ್ದವು ಎಂದು ನಾನು ನಂಬುವುದಿಲ್ಲ.

ಬಿಯರ್ ಸೀಸೆಯ ಮೇಲಿನ ಹಲ್ಲಿನಂಚಿನ ಮುಚ್ಚಳವನ್ನೂ ಇಲ್ಲಿ ನೆನೆಯಬೇಕು. ವಿಲಿಯಂ ಪೇಂಟರ್ 1892ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ಮುಚ್ಚಳದಡಿಯಲ್ಲೇ ಬಹುಪಾಲು ಶಾಂಪೇನ್ ಸೀಸೆಯೊಳಗಿನ ಎರಡನೆಯ ಹುದುಗುವಿಕೆಯನ್ನು ಮುಗಿಸಿ ವರ್ಷಗಟ್ಟಲೆ ಮಾಗುತ್ತದೆ. ಕಾರ್ಕ್ ಬರುವುದು ಗಸಿ ತೆಗೆದ ಮೇಲೆ, ಮಾರುಕಟ್ಟೆಗೆ ಹೊರಡುವ ಮುನ್ನ. ಜಗತ್ತಿನ ಅತ್ಯಂತ ಪ್ರತಿಷ್ಠಿತ ವೈನ್‌ನ ಮುಖ್ಯ ಕಾಲಾವಧಿ ಕಳೆಯುವುದು ಅತ್ಯಂತ ಅಗ್ಗದ ಮುಚ್ಚಳದಡಿಯಲ್ಲಿ ಎಂಬ ಸಂಗತಿ, ಬಿರಡೆಯ ಬೆಲೆಗೂ ಅದರ ಯೋಗ್ಯತೆಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಸಾಕ್ಷಿ.

ಪರಿಸರದ ತಕ್ಕಡಿಯಲ್ಲಿ ಕಾರ್ಕ್‌ನ ತಟ್ಟೆ ತೂಗುತ್ತದೆ. ತೊಗಟೆ ಸುಲಿದರೂ ಮರ ಉಳಿಯುತ್ತದೆ, ಮತ್ತೆ ತೊಗಟೆ ಬೆಳೆಸುತ್ತದೆ, ಇನ್ನೂರು ವರ್ಷ ಬಾಳಬಲ್ಲದು. ಪೋರ್ಚುಗಲ್‌ನಲ್ಲಿ ಅದನ್ನು ಅನುಮತಿಯಿಲ್ಲದೆ ಕಡಿಯುವುದು ಕಾನೂನಿಗೆ ವಿರುದ್ಧ. ಪೋರ್ಚುಗಲ್ ಮತ್ತು ಸ್ಪೇನ್ ಇರುವ ಐಬೀರಿಯಾದ ಈ ಕಾಡುಗಳಲ್ಲಿ ಅಪರೂಪದ ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕು ಮತ್ತು ಇಂಪೀರಿಯಲ್ ಹದ್ದು ಆಶ್ರಯ ಪಡೆದಿವೆ. ಕಾರ್ಕ್‌ಗೆ ಬೇಡಿಕೆ ಕುಸಿದರೆ ಕಾಡನ್ನು ಉಳಿಸಿಕೊಳ್ಳುವ ಆರ್ಥಿಕ ಕಾರಣವೂ ಕುಸಿಯುತ್ತದೆ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಗಾಜಿನ ಬಿರಡೆಯನ್ನು ಸೀಸೆಯ ಜೊತೆಗೇ ಕರಗಿಸಿ ಮರುಬಳಸಬಹುದು, ಆದರೆ ಗಾಜು ಕರಗಲು 1,500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕುಲುಮೆ ಬೇಕು. ಅಲ್ಯೂಮಿನಿಯಂ ಅನ್ನು ಮರುಬಳಸಿದರೆ ಹೊಸದಾಗಿ ತಯಾರಿಸುವುದಕ್ಕೆ ಬೇಕಾದ ಶಕ್ತಿಯ ಸುಮಾರು ಇಪ್ಪತ್ತನೆಯ ಒಂದು ಭಾಗ ಸಾಕು. ಆದರೆ ಇಷ್ಟು ಚಿಕ್ಕ ಮುಚ್ಚಳಗಳು ಕಸ ವಿಂಗಡಿಸುವ ಯಂತ್ರಗಳಲ್ಲಿ ಸೋರಿಹೋಗುವುದೇ ಹೆಚ್ಚು.

ಇಷ್ಟನ್ನೆಲ್ಲ ತೂಗಿ ನೋಡಿದಾಗ ನನ್ನ ನಿಲುವು ಹೀಗಿದೆ. ಐದು ವರ್ಷದೊಳಗೆ ಕುಡಿಯುವ, ತಾಜಾ ಪರಿಮಳವೇ ಪ್ರಾಣವಾದ ಬಿಳಿ ವೈನ್‌ಗೆ ತಿರುಪು ಮುಚ್ಚಳ ಅಥವಾ ಗಾಜು ಸಹಜ ಕಾರ್ಕ್‌ಗಿಂತ ಉತ್ತಮ. ದಶಕಗಳ ಕಾಲ ಮಾಗಿಸುವ ಕೆಂಪು ವೈನ್‌ಗೆ ಪರೀಕ್ಷಿಸಿದ ಸಹಜ ಕಾರ್ಕ್ ಅಥವಾ ಶುದ್ಧಗೊಳಿಸಿದ ಕಣಗಳ ಕಾರ್ಕ್ ಒಪ್ಪುತ್ತದೆ, ತವರವಿಲ್ಲದ ಬಿಲ್ಲೆಯ ತಿರುಪು ಮುಚ್ಚಳವೂ ಅದರ ಪಕ್ಕದಲ್ಲಿ ನಿಲ್ಲಬಲ್ಲದು. ಸೀಸೆಯನ್ನು ಮಲಗಿಸಿಡುವ ಪದ್ಧತಿ ಕಾರ್ಕ್ ಒಣಗಬಾರದೆಂದು ಬಂದದ್ದು. ಗಾಜಿನ ಮತ್ತು ತಿರುಪಿನ ಸೀಸೆಗಳನ್ನು ನೆಟ್ಟಗೆ ನಿಲ್ಲಿಸಿದರೂ ನಷ್ಟವಿಲ್ಲ.

ಗಾಜಿನ ಬಿರಡೆಯ ಬಗ್ಗೆ ಇರುವ ಒಂದು ನಿರೀಕ್ಷೆಯನ್ನು ಮಾತ್ರ ತಿದ್ದಬೇಕು. ಅರ್ಧ ಕುಡಿದ ಸೀಸೆಗೆ ಅದನ್ನು ಮತ್ತೆ ಹಾಕಿಟ್ಟರೆ ವೈನ್ ಕೆಡದೆ ಉಳಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ವೈನ್ ಖಾಲಿಯಾದ 375 ಮಿಲಿಲೀಟರ್ ಜಾಗದಲ್ಲಿ ಅಷ್ಟೇ ಗಾಳಿ ತುಂಬಿರುತ್ತದೆ, ಅದರಲ್ಲಿ ನೂರು ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕವಿರುತ್ತದೆ. ಒಳಗೆ ಸೇರಿದ ಗಾಳಿಯನ್ನು ಯಾವ ಬಿರಡೆಯೂ ಹೊರಹಾಕಲಾರದು. ಉಳಿದ ವೈನನ್ನು ಅರ್ಧ ಅಳತೆಯ ಸಣ್ಣ ಸೀಸೆಗೆ ಕತ್ತಿನವರೆಗೆ ಸುರಿದು, ಬಿರಡೆ ಒತ್ತಿ, ಫ್ರಿಜ್‌ನಲ್ಲಿಟ್ಟರೆ ಮಾತ್ರ ಅದು ಇನ್ನೂ ಕೆಲವು ದಿನ ಚೆನ್ನಾಗಿರುತ್ತದೆ.